ಸೀಟಮ್ಮ ಕೂತ ಸೀಟು

ಅವರನ್ನು ನಾನು ಮೊದಲು ಕಂಡದ್ದು, ನಾನು ಪಾಠ ಹೇಳುತ್ತಿದ್ದ ಶಾಲೆಯ ರಂಗದ ಪರದೆ ನಡುವಿಗೆ ಹರಿದ ದಿನ. ನಾಟಕಕ್ಕೆ ಮೂರೇ ದಿನ ಉಳಿದಿತ್ತು. ಪರದೆಯ ಅಳತೆ ಕೇಳಿದ ದರ್ಜಿಗಳೆಲ್ಲ ದೂರದಿಂದಲೇ ಕೈ ಮುಗಿದಿದ್ದರು. ಆಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ನಮ್ಮಮ್ಮ ಹೊಲಿದುಕೊಡ್ತಾರೆ ಸಾರ್. ಅವರು ವಿಮಾನಕ್ಕೇ ಹೊಲೀತಾರೆ" ಎಂದಳು. ತರಗತಿ ಗೊಳ್ಳೆಂದಿತು. "ವಿಮಾನಕ್ಕೇನು ಲಂಗ ಹೊಲೀತಾರಾ" ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು.

ಸಂಜೆ ಆ ಅಮ್ಮ ಬಂದರು. ಕುಳ್ಳಗಿನ ಆಳು, ಹೆಗಲಿಗೆ ದಪ್ಪ ಬಟ್ಟೆಯ ಚೀಲ, ಹೆಬ್ಬೆರಳಿನ ಮೇಲೆ ಸೂಜಿ ಒತ್ತಿ ಒತ್ತಿ ಗಟ್ಟಿಯಾದ ಚರ್ಮ. ಪರದೆಯನ್ನು ನೆಲಕ್ಕೆ ಹಾಸಿಸಿ ಮೊದಲು ಮಗುಚಿ ಹಾಕಿದರು.

"ಮುಂಭಾಗ ಆ ಕಡೆ ಇದೆಯಮ್ಮ."

"ಮುಖ ಎಲ್ಲರೂ ನೋಡ್ತಾರೆ ಮೇಷ್ಟ್ರೇ. ಬಟ್ಟೆ ಸುದ್ದಿ ಬೆನ್ನಲ್ಲಿರುತ್ತೆ" ಎಂದವರೇ ಬಾಗಿದ ಸೂಜಿಯೊಂದನ್ನು ಹಿಡಿದು ಮಂಡಿಯೂರಿದರು. ಎದ್ದದ್ದು ಎರಡು ಗಂಟೆಯ ಮೇಲೆಯೇ. ನಾಟಕದ ದಿನ ಹೊಲಿಗೆ ಎಲ್ಲಿ ಬಿದ್ದಿದೆ ಎಂದು ಹುಡುಕಲು ಅರ್ಧ ಶಾಲೆಯೇ ಪರದೆಯ ಮುಂದೆ ನಿಂತಿತ್ತು, ಯಾರಿಗೂ ಸಿಗಲಿಲ್ಲ.

ಅವರನ್ನು ಕೆಲಸದಲ್ಲಿ ಎಲ್ಲರೂ ಕರೆಯುತ್ತಿದ್ದುದು ಸೀಟಮ್ಮ ಎಂದು. ವಿಮಾನ ನಿಲ್ದಾಣದ ಬೇಲಿಗೆ ತಾಗಿಕೊಂಡು ತಗಡಿನ ಚಾವಣಿಯ ಉದ್ದನೆಯ ಕಾರ್ಯಾಗಾರ. ಅದರ ಒಂದು ಕೊನೆಯಲ್ಲಿ ಚಕ್ರ, ಬ್ರೇಕುಗಳ ಕೆಲಸ. ಇನ್ನೊಂದು ಕೊನೆಯಲ್ಲಿ ಎತ್ತರದ ಕಿಟಕಿಗಳ ಕೆಳಗೆ ಐದು ಹೊಲಿಗೆ ಯಂತ್ರ, ಗೋಡೆಯ ಮೊಳೆಗಳಿಗೆ ನೇತುಹಾಕಿದ ಅಳತೆಯ ಕಾಗದಗಳು. ಆ ಕೊನೆಯ ಯಂತ್ರದ ಮುಂದೆ ಸೀಟಮ್ಮ ಮೂವತ್ತೊಂದು ವರ್ಷ ಕುಳಿತರು. ವಿಮಾನದ ಸೀಟಿನ ಮೆತ್ತೆಯೆಂದರೆ ಮೂರು ಪದರ: ಒಳಗೆ ಹಳದಿ ಸ್ಪಂಜು, ಅದರ ಮೇಲೆ ಬೆಂಕಿ ತಡೆಯುವ ಬೂದುಬಟ್ಟೆ, ಎಲ್ಲಕ್ಕಿಂತ ಹೊರಗೆ ಕಣ್ಣಿಗೆ ಕಾಣುವ ಕವರು. ಮೂರನ್ನೂ ಸೇರಿಸಿ, ಹಿಂಬದಿಯ ಬಾಯನ್ನು ಕೈಯಲ್ಲೇ ಹೊಲಿದು ಮುಚ್ಚಿ, ಗಂಟು ಹಾಕಿ, ಮೂರೂ ಪದರ ಇವೆಯೆಂಬ ಚೀಟಿಗೆ ಸಹಿ ಮಾಡಿ ತಪಾಸಣೆಗೆ ಕಳುಹಿಸಿದರೆ ಅಲ್ಲಿಗೆ ಅವರ ಋಣ ಮುಗಿಯಿತು. ಹೊಲಿದ ಸೀಟಿನ ಮೇಲೆ ಕಾರ್ಯಾಗಾರದವರು ಯಾರೂ ಕೂರುವಂತಿಲ್ಲ ಎಂಬುದು ಹಳೆಯ ಕಟ್ಟಳೆ. ಕೂರುವುದು ಪ್ರಯಾಣಿಕರ ಪಾಲು, ಹೊಲಿಯುವುದು ಇವರ ಪಾಲು. ಹೀಗಾಗಿ ಸಾವಿರಗಟ್ಟಲೆ ಸೀಟು ಹೊಲಿದ ಸೀಟಮ್ಮ ಒಂದರ ಮೇಲೂ ಕೂತವರಲ್ಲ; ವಿಮಾನವನ್ನಂತೂ ಹತ್ತಿಯೇ ಇರಲಿಲ್ಲ.

ಅವರ ಕಂಪನಿಯಲ್ಲಿ ಒಂದು ಮುದಿ ವಿಮಾನವಿತ್ತು. ರೆಕ್ಕೆಗೊಂದರಂತೆ ಎರಡು ಎಂಜಿನ್ನು, ಮೂರನೆಯದು ಬಾಲದ ಮೇಲೆ, ಕುದುರೆಯ ಬೆನ್ನೇರಿದ ಸವಾರನ ಹಾಗೆ. ಅದನ್ನು ಮಾಡಿದ ಕಾರ್ಖಾನೆ ಎಂದೋ ಬಾಗಿಲು ಹಾಕಿತ್ತು. ಪ್ರಯಾಣಿಕರನ್ನು ಹೊತ್ತು ಹಾರುವ ಅಂಥ ವಿಮಾನಗಳು ಲೋಕದಲ್ಲಿ ಬೆರಳೆಣಿಕೆಯಷ್ಟೇ ಉಳಿದಿದ್ದವು. ಕಾರ್ಯಾಗಾರದವರು ಅದನ್ನು ಅಜ್ಜಿ ಎನ್ನುತ್ತಿದ್ದರು. ಅಜ್ಜಿಯ ಮುಂಭಾಗದಲ್ಲಿ ಬಿಸಿನೆಸ್ ಕ್ಲಾಸಿನ ಅಗಲವಾದ ನೀಲಿ ಸೀಟುಗಳು. ಅವಕ್ಕೆ ಹೊಂದುವ ಕವರು ಯಾವ ಅಂಗಡಿಯಲ್ಲೂ ಸಿಗದ್ದರಿಂದ ಪ್ರತಿಯೊಂದನ್ನೂ ಸೀಟಮ್ಮನೇ ಕತ್ತರಿಸಬೇಕು, ಸೀಟಮ್ಮನೇ ಹೊಲಿಯಬೇಕು.

ನಿವೃತ್ತರಾಗುವವರಿಗೆ ಕಂಪನಿ ಒಮ್ಮೆ ಹೋಗಿಬರಲು ಟಿಕೇಟು ಕೊಡುತ್ತಿತ್ತು. ಎಲ್ಲರೂ ಹೊಸ ವಿಮಾನ ಕೇಳುತ್ತಿದ್ದರು. ಸೀಟಮ್ಮ ಕೇಳಿದ್ದು ಅಜ್ಜಿಯನ್ನು, ಅದೂ ಮುಂದಿನ ನೀಲಿ ಸೀಟನ್ನು. ಕಚೇರಿಯವರು ಒಪ್ಪಿದರು, ಆದರೆ ಷರತ್ತೊಂದಿತ್ತು. ನೌಕರರ ಟಿಕೇಟಿಗೆ ಸೀಟು ಸಿಗುವುದು ಪ್ರಯಾಣಿಕರೆಲ್ಲ ಹತ್ತಿದ ಮೇಲೂ ಒಂದು ಖಾಲಿ ಉಳಿದರೆ ಮಾತ್ರ.

ಮೊದಲ ಸಲ ಹೋದರು, ಸೀಟು ಉಳಿಯಲಿಲ್ಲ. ಮುಂದಿನ ವಾರ ಮತ್ತೆ ಹೋದರು, ಆಗಲೂ ಇಲ್ಲ. ಅಜ್ಜಿಗೆ ವಿಶ್ರಾಂತಿ ಕೊಡುತ್ತಾರೆಂಬ ಸುದ್ದಿ ಹರಡಿ, ಅದರಲ್ಲೊಮ್ಮೆ ಹಾರಬೇಕೆಂದು ಎಲ್ಲೆಲ್ಲಿಂದಲೋ ಜನ ಕ್ಯಾಮೆರಾ ನೇತುಹಾಕಿಕೊಂಡು ಬರುತ್ತಿದ್ದರು. ಚೀಲದೊಂದಿಗೆ ಮನೆಗೆ ಮರಳಿದ ಹೆಂಡತಿಯನ್ನು ಕಂಡು ಯಜಮಾನರು ಪತ್ರಿಕೆಯಿಂದ ತಲೆಯೆತ್ತಿದರು. ಅವರು ನಿವೃತ್ತ ಬಸ್ ಡ್ರೈವರು.

"ನನ್ನ ಬಸ್ಸಾಗಿದ್ರೆ ಫುಟ್‌ಬೋರ್ಡ್ ಮೇಲೆ ನಿಲ್ಲಿಸಿಕೊಂಡಾದ್ರೂ ಕರಕೊಂಡು ಹೋಗ್ತಿದ್ದೆ ಕಣೇ."

"ನಿಮ್ಮ ಬಸ್ಸಿಗೆ ಮೂರು ಎಂಜಿನ್ ಇತ್ತೇನ್ರೀ?"

"ಇದ್ದ ಒಂದೇ ಸರಿಯಾಗಿ ಓಡ್ತಾ ಇರಲಿಲ್ಲ, ಮೂರನ್ನ ಯಾರು ಸಾಕ್ತಾರೆ" ಎಂದು ಯಜಮಾನರು ಪುಟ ತಿರುವಿದರು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಹೋಗಿ ನೋಡು. ಸುಮ್ಮನೆ ಬಿಡಬೇಡ" ಎಂದರು.

ಮೂರನೆಯ ಸಲ ಹೊರಟಾಗ ಅಜ್ಜಿಯ ಹಾರಾಟ ನಾಲ್ಕೇ ದಿನ ಉಳಿದಿತ್ತು. ಮುಂದಿನ ಮೂರು ದಿನಕ್ಕೂ ಮುಂಗಡವಾಗಿಯೇ ಸೀಟು ಭರ್ತಿ. ಇವತ್ತಾದರೆ ಆಯಿತು, ಇಲ್ಲದಿದ್ದರೆ ಈ ಜನ್ಮಕ್ಕಿಲ್ಲ. ಕೌಂಟರಿನ ಹುಡುಗಿ ಗಡಿಯಾರ ನೋಡಿದಳು, ಪಟ್ಟಿ ನೋಡಿದಳು, ಮತ್ತೆ ಗಡಿಯಾರ ನೋಡಿದಳು. ಯಾರೋ ಒಬ್ಬರಿಗೆ ಇನ್ನೊಂದು ಊರಿನ ವಿಮಾನ ತಡವಾಗಿ ಇಲ್ಲಿಗೆ ಬಂದು ಮುಟ್ಟಲಾಗಿರಲಿಲ್ಲ. "ಮೂರನೇ ಸಾಲು, ಕಿಟಕಿ. ಬೇಗ ಹೋಗಿ ಅಮ್ಮ" ಎಂದು ಬೋರ್ಡಿಂಗ್ ಪಾಸು ಹರಿದುಕೊಟ್ಟಳು.

ಬಾಗಿಲು ದಾಟಿದ ಸೀಟಮ್ಮ ಅಲ್ಲೇ ನಿಂತುಬಿಟ್ಟರು. ಮೂವತ್ತೊಂದು ವರ್ಷ ಮೇಜಿನ ಮೇಲೆ ಬೆನ್ನೊಂದು ಕಡೆ, ತೋಳೊಂದು ಕಡೆ ಎಂದು ಬಿಡಿಬಿಡಿಯಾಗಿ ಕಂಡದ್ದೆಲ್ಲ ಇಲ್ಲಿ ಮೈಗೂಡಿಸಿಕೊಂಡು ಸಾಲಾಗಿ ಕುಳಿತಿತ್ತು. ಸಂಜೆಬಿಸಿಲು ದುಂಡು ಕಿಟಕಿಗಳಿಂದ ಇಳಿದು ನೀಲಿ ಬಟ್ಟೆಯ ಮೇಲೆ ಬಿದ್ದಿತ್ತು. ಕಾರ್ಯಾಗಾರದ ಟ್ಯೂಬ್‌ಲೈಟಿನಡಿ ಕಪ್ಪಾಗಿ ಕಾಣುತ್ತಿದ್ದ ಆ ನೀಲಿ ಇಷ್ಟು ತಿಳಿಯಾದದ್ದೆಂದು ಅವರಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಒಬ್ಬಾಕೆ ಕಾಲು ಚಾಚಿ ಪುಸ್ತಕ ಓದುತ್ತಿದ್ದರು. ಸೀಟಮ್ಮ ಎದೆಯ ಮೇಲೆ ಚೀಲ ಒತ್ತಿಹಿಡಿದು, ದೊಡ್ಡವರ ಮನೆಯ ನಡುಮನೆಗೆ ಬಂದವರಂತೆ ಕಾಲೆತ್ತಿ ಕಾಲಿಟ್ಟು ನಡೆದರು.

"ಕೂತ್ಕೊಳ್ಳಿ ಅಮ್ಮ" ಎಂದಳು ಗಗನಸಖಿ.

"ತಪಾಸಣೆ ಚೀಟಿ ಆಗಿದೆಯಾ ಇದಕ್ಕೆ?" ಎಂದು ಅಭ್ಯಾಸಬಲದಿಂದ ಕೇಳಿಯೇಬಿಟ್ಟರು. ಆಕೆ ಅರ್ಥವಾಗದೆ ನಕ್ಕು ಮುಂದೆ ಹೋದಳು.

ಪಕ್ಕದ ಸೀಟಿನಲ್ಲಿದ್ದವರು ಹಲ್ಲಿನ ಡಾಕ್ಟರು. ಈ ಜಾತಿಯ ವಿಮಾನದಲ್ಲಿ ಹಾರಬೇಕೆಂದೇ ರಜೆ ಹಾಕಿ ದೂರದಿಂದ ಬಂದಿದ್ದರು. ಕಿಟಕಿ ಸಿಗಲಿಲ್ಲವೆಂಬ ಕೊರಗನ್ನು ಒಂದೇ ಉಸಿರಿನಲ್ಲಿ ಹೇಳಿಕೊಂಡು, ಮಂಡಿಯ ಮೇಲಿದ್ದ ಪುಸ್ತಕದಲ್ಲಿ ಏನೋ ಬರೆದುಕೊಳ್ಳತೊಡಗಿದರು. ಸೀಟಮ್ಮ ಮೆಲ್ಲಗೆ ಕುಳಿತರು. ಕುಳಿತವರು ರೂಢಿಯಂತೆ ಮೆತ್ತೆಯ ಅಂಚನ್ನು ಎರಡು ಬೆರಳಲ್ಲಿ ಚಿವುಟಿದರು.

ಕವರು ಜಾರಿತು. ಜಾರಬಾರದಿತ್ತು. ಬೂದುಬಟ್ಟೆ ಒರಟು, ಅದು ಒಳಗಿದ್ದರೆ ಕವರನ್ನು ಹಿಡಿದುಕೊಳ್ಳುತ್ತದೆ. ಸ್ಪಂಜಿನ ಮೇಲೆ ಬರಿಯ ಕವರಿದ್ದರೆ ಹೀಗೆ ಜಾರುತ್ತದೆ. ಸೀಟಮ್ಮ ಮತ್ತೊಮ್ಮೆ ಚಿವುಟಿದರು. ಆಮೇಲೆ ಕೈಯನ್ನು ಬೆನ್ನಿನ ಹಿಂದೆ ಇಳಿಸಿ, ಮೆತ್ತೆಯ ಹಿಂಬದಿಯ ಹೊಲಿಗೆಯನ್ನು ತಡವುತ್ತ ಕೊನೆಯ ಗಂಟಿನವರೆಗೆ ಹೋದರು. ಎರಡು ಸುತ್ತು, ಒಂದು ಒಳಮಡಿಕೆ, ಮತ್ತೊಂದು ಸುತ್ತು. ಕಾರ್ಯಾಗಾರದಲ್ಲಿ ಹಾಗೆ ಗಂಟು ಹಾಕುವವರು ಒಬ್ಬರೇ.

ಯಾವಾಗ ಎಂಬುದೂ ಹೊಳೆಯಿತು. ಅದು ಕೆಲಸದ ಕೊನೆಯ ದಿನ. ಬೂದುಬಟ್ಟೆಯನ್ನು ಕತ್ತರಿಸಿ ಮೇಜಿನ ಮೇಲಿಟ್ಟಿದ್ದರು. ಅಷ್ಟರಲ್ಲಿ ಬ್ರೇಕಿನವರು, ಚಕ್ರದವರು ಎಲ್ಲ ಸೇರಿ ಬೀಳ್ಕೊಡುಗೆಯ ಚಹಕ್ಕೆ ಎಳೆದುಕೊಂಡು ಹೋದರು. ಯಾರೋ ಹಾಡಿದರು, ಯಾರೋ ಅತ್ತರು. ಮರಳಿ ಬಂದಾಗ ಕಣ್ಣು ಮಂಜಾಗಿತ್ತು, ಕೈ ಮಾತ್ರ ತನ್ನ ಪಾಡಿಗೆ ತಾನು ಹೊಲಿಯಿತು. ಚೀಟಿಯಲ್ಲಿ ಮೂರೂ ಪದರಕ್ಕೆ ಗುರುತು ಹಾಕಿ ಸಹಿ ಮಾಡಿದರು. ಸೀಟಮ್ಮನ ಸಹಿ ಇದ್ದ ಮೇಲೆ ತಪಾಸಣೆಯವರು ಬಿಚ್ಚಿ ನೋಡುವುದುಂಟೆ? ಅವರೂ ಸಹಿ ಹಾಕಿದರು. ಮೇಜಿನ ಮೇಲೆ ಉಳಿದ ಬೂದುಬಟ್ಟೆಯನ್ನು ಮರುದಿನ ಯಾರೋ ತುಂಡೆಂದು ಎತ್ತಿಟ್ಟಿರಬೇಕು.

ಬಾಗಿಲ ಬಳಿ, ವಿಮಾನವನ್ನು ಪರೀಕ್ಷಿಸಿ ಹಾರಾಟಕ್ಕೆ ಬಿಡುವ ನೆಲದ ಎಂಜಿನಿಯರು ಕಾಗದಗಳ ಮೇಲೆ ಕೊನೆಯ ಸಹಿ ಹಾಕುತ್ತಿದ್ದರು. ಅವರು ಇಳಿದರೆ ಬಾಗಿಲು ಮುಚ್ಚುತ್ತದೆ. ಹೇಳಿದರೆ ಯಾರೂ ಕೂರದಂತೆ ಸೀಟು ಮುಚ್ಚುತ್ತಾರೆ. ಮುಚ್ಚಿದರೆ ಇಳಿಯಬೇಕಾದವರು ತಾವೇ. ಮೂವತ್ತೊಂದು ವರ್ಷ ಒಂದು ಕೆಂಪು ಗೆರೆಯೂ ಬೀಳದ ತಮ್ಮ ಕೆಲಸದ ಹಾಳೆಗೆ ಗೆರೆ ಬೀಳುತ್ತದೆ. ಹೇಳದಿದ್ದರೆ? ಎರಡು ಗಂಟೆಯ ದಾರಿ. ನಾಲ್ಕು ದಿನ ಕಳೆದರೆ ಅಜ್ಜಿಯೇ ಇರುವುದಿಲ್ಲ. ಇಷ್ಟು ವರ್ಷದಲ್ಲಿ ಈ ಸೀಟಿಗೆ ಒಂದು ಕಿಡಿ ಬಿದ್ದದ್ದುಂಟೆ? ಹಾವೂ ಸಾಯದ ಕೋಲೂ ಮುರಿಯದ ದಾರಿ ಕಣ್ಣೆದುರೇ ಇತ್ತು: ಸುಮ್ಮನೆ ಕೂರುವುದು.

ಹಲ್ಲಿನ ಡಾಕ್ಟರು ಮುಂದಿನ ಸೀಟಿನ ಬೆನ್ನನ್ನು ಸವರಿ ನೋಡುತ್ತಿದ್ದರು. "ನೋಡಿ ಅಮ್ಮ, ಇಷ್ಟು ಹಳೇ ವಿಮಾನ, ಒಂದು ದಾರ ಎದ್ದಿಲ್ಲ. ಯಾರು ಹೊಲಿದ ಪುಣ್ಯಾತ್ಮರೋ. ಇಂಥವರನ್ನ ನಂಬಿಕೊಂಡೇ ನಾವು ಮೇಲೆ ಹೋಗೋದು."

ಸೀಟಮ್ಮ ಎದ್ದರು.

"ಏನ್ ಸೀಟಮ್ಮ, ಅಂತೂ ಅಜ್ಜಿ ಮಡಿಲು ಸೇರಿದ್ರಿ" ಎಂದು ಬಾಗಿಲ ಬಳಿಗೆ ಬಂದವರನ್ನು ಕಂಡು ಎಂಜಿನಿಯರು ನಕ್ಕರು. ಅವರು ಕೆಲಸಕ್ಕೆ ಸೇರಿದ ದಿನದಿಂದಲೂ ಪರಿಚಯ.

"ನನ್ನ ಸೀಟಿನ ಮೆತ್ತೆಗೆ ಬೂದುಬಟ್ಟೆ ಇಲ್ಲಪ್ಪ. ಹಾಕದೆ ಮುಚ್ಚಿಬಿಟ್ಟಿದೀನಿ."

ಎಂಜಿನಿಯರ ನಗು ಅರ್ಧಕ್ಕೇ ನಿಂತಿತು. ಬಂದು ತಾವೂ ಚಿವುಟಿ ನೋಡಿದರು. ಬ್ಲೇಡಿನಿಂದ ಹಿಂಬದಿಯ ನಾಲ್ಕು ಹೊಲಿಗೆ ಬಿಚ್ಚಿದಾಗ ನೀಲಿಯ ಕೆಳಗೆ ನೇರವಾಗಿ ಹಳದಿ ಕಂಡಿತು. ಅವರು ದನಿ ತಗ್ಗಿಸಿದರು. "ನಾಳೆ ಹೇಳಿದ್ರೆ ಆಗ್ತಿರಲಿಲ್ವಾ ಸೀಟಮ್ಮ?"

"ನಾಳೆ ಹೇಳಿದ್ರೆ, ಗೊತ್ತಿದ್ದೂ ಇವತ್ತು ಕೂತಿದ್ದೆ ಅಂತ ಆಗುತ್ತಲ್ಲಪ್ಪ."

"ಸೀಟು ಮುಚ್ಚಬೇಕಾಗುತ್ತೆ. ಹಿಂದೆ ಒಂದೂ ಖಾಲಿ ಇಲ್ಲ. ಕಾರ್ಯಾಗಾರದಿಂದ ಬೇರೆ ಮೆತ್ತೆ ತರಿಸೋಕೆ ಒಂದು ಗಂಟೆ, ಅಷ್ಟು ಹೊತ್ತು ನಿಲ್ಲಿಸಿಕೊಳ್ಳೋ ಹಾಗಿಲ್ಲ" ಎಂದರು ಎಂಜಿನಿಯರು. ಸೀಟಮ್ಮನೇ ಚೀಲ ಎತ್ತಿಕೊಂಡು ಬಾಗಿಲಿಗೆ ನಡೆದರು.

ಹೊಸ್ತಿಲಲ್ಲಿ, ಅಡುಗೆ ಕಟ್ಟೆಯ ಪಕ್ಕದ ಪರದೆಯ ಸಂದಿನಿಂದ ಒಂದು ನೀಲಿ ಅಂಚು ಕಂಡಿತು. ಪೈಲಟ್ಟುಗಳು ದೂರದ ದಾರಿಯಲ್ಲಿ ಸರದಿಯ ಮೇಲೆ ವಿಶ್ರಾಂತಿ ತೆಗೆದುಕೊಳ್ಳುವ ಒಂಟಿ ಸೀಟು. ಅದರ ಕವರನ್ನೂ ಹೊಲಿದವರು ಅವರೇ. ಹನ್ನೆರಡು ಪ್ರಯಾಣಿಕರ ಸೀಟಿಗೆಂದು ಅಳತೆಯ ಕಾಗದವಿಟ್ಟು, ಇದನ್ನೂ ಸೇರಿಸಿ ಪ್ರತಿಸಲ ಹದಿಮೂರು ಕತ್ತರಿಸುತ್ತಿದ್ದರು. ಅವರು ತಿರುಗಿ ನಿಂತರು.

"ಎರಡು ಗಂಟೆ ದಾರೀಲಿ ಈ ಸೀಟಲ್ಲಿ ಯಾರಾದ್ರೂ ಮಲಗ್ತಾರಾ?"

"ಇಲ್ಲ. ಯಾಕೆ?"

"ಇದರ ಮೆತ್ತೆ, ಅದರ ಮೆತ್ತೆ ಒಂದೇ ಅಳತೆ. ನಿಮ್ಮ ಪುಸ್ತಕ ನೋಡಿ, ನಂಬರೂ ಒಂದೇ ಇರಬೇಕು."

ಎಂಜಿನಿಯರು ಪುಸ್ತಕ ತೆಗೆದು ನೋಡಿದರು. ನಂಬರು ಒಂದೇ ಇತ್ತು. ಕ್ಯಾಪ್ಟನ್ನರು ಹೊರಗೆ ಬಂದು, ವಿಷಯ ಕೇಳಿ, ಸೀಟಮ್ಮನನ್ನೊಮ್ಮೆ ನೋಡಿ ತಲೆಯಾಡಿಸಿದರು. ಒಂಟಿ ಸೀಟಿನ ಮೆತ್ತೆಯನ್ನು ಎತ್ತಿ, ಬೂದುಬಟ್ಟೆ ಇದೆಯೆಂದು ಬಿಚ್ಚಿ ಖಾತ್ರಿ ಮಾಡಿಕೊಂಡರು. ಬಿಚ್ಚಿದ್ದನ್ನು ಮುಚ್ಚಲು ಎಂಜಿನಿಯರು ತಮ್ಮ ಪೆಟ್ಟಿಗೆಯಿಂದ ಸೂಜಿ ತೆಗೆದರು. ಸೀಟಮ್ಮ ಕೈ ಚಾಚಿದರು. ನಾಲ್ಕು ಹೊಲಿಗೆ, ಎರಡು ಸುತ್ತು, ಒಳಮಡಿಕೆ, ಮತ್ತೊಂದು ಸುತ್ತು. ಎಂಜಿನಿಯರು ಪೂರ್ತಿ ಪರೀಕ್ಷಿಸಿ, ಅದನ್ನು ಮೂರನೇ ಸಾಲಿನ ಸೀಟಿಗೆ ಹಾಕಿಸಿ, ಅಲ್ಲಿದ್ದ ಮೆತ್ತೆಯನ್ನು ಕೆಳಗಿಳಿಸಿ ಸಹಿ ಹಾಕಿದರು. ಆಮೇಲೆ ಇನ್ನೊಂದು ಹಾಳೆ ಮುಂದಿಟ್ಟರು. ಅದು ತಪ್ಪಿನ ಹಾಳೆ. ಅದಕ್ಕೂ ಸೀಟಮ್ಮ ಸಹಿ ಹಾಕಿದರು.

ಅಜ್ಜಿ ಇಪ್ಪತ್ತು ನಿಮಿಷ ತಡವಾಗಿ ಹೊರಟಳು. "ಹಳೇ ಗಾಡಿ ಅಂದ್ರೆ ಇದೇ ಗೋಳು" ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಸೀಟಮ್ಮ ತಿರುಗಿ, "ಗಾಡಿದಲ್ಲ ಸ್ವಾಮಿ, ತಪ್ಪು ನಂದು" ಎಂದರು. ಗೊಣಗಿದವರು ಪತ್ರಿಕೆ ಬಿಡಿಸಿದರು.

ಆಮೇಲೆ ನಡೆದದ್ದನ್ನು ಸೀಟಮ್ಮ ಹೇಳುವಾಗ ದನಿ ಸಣ್ಣದಾಗುತ್ತದೆ. ಓಟದ ಹಾದಿಯ ತುದಿಯಲ್ಲಿ ಅಜ್ಜಿ ಒಂದು ಕ್ಷಣ ನಿಂತಳು. ದೂರದಲ್ಲಿ, ಬಾಲದ ಕಡೆ, ಯಾವುದೋ ದೊಡ್ಡ ನದಿ ಮೈಮುರಿದಂತೆ ಸದ್ದು. ಮರುಗಳಿಗೆ ಸೀಟಿನ ಬೆನ್ನು ಅವರ ಬೆನ್ನನ್ನು ಹಿಡಿದು ಮುಂದಕ್ಕೆ ಹೊತ್ತುಕೊಂಡು ಹೋಯಿತು. ಬೆನ್ನಿನ ಹೊಲಿಗೆ ಎರಡು ಸಾಲು ಇರಲೇಬೇಕು ಎಂದು ಮೂವತ್ತೊಂದು ವರ್ಷದ ಹಿಂದೆ ಮೇಸ್ತ್ರಿ ಗದರಿಸಿ ಕಲಿಸಿದ್ದರು. ಯಾಕೆಂದು ಅವರು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ಕೂತವರ ಇಡೀ ಭಾರ ಆ ಎರಡು ಸಾಲಿನ ಮೇಲೆ ಬಂದು ಒರಗುತ್ತದೆಂದು ಈಗ ಬೆನ್ನಿಗೇ ತಿಳಿಯಿತು. ನೆಲ ಯಾವಾಗ ಬಿಟ್ಟುಹೋಯಿತೆಂದು ಗೊತ್ತೇ ಆಗಲಿಲ್ಲ. ಕಿಟಕಿಯಲ್ಲಿ ತಗಡಿನ ಚಾವಣಿಯೊಂದು ಬೆಂಕಿಪೊಟ್ಟಣದಷ್ಟಾಗಿ ಹಿಂದೆ ಸರಿಯಿತು. ಅದು ತಮ್ಮ ಕಾರ್ಯಾಗಾರವೆಂದು ತಿಳಿಯುವಷ್ಟರಲ್ಲಿ ಮರೆಯಾಗಿತ್ತು.

ಮೋಡದ ಮೇಲಕ್ಕೆ ಬಂದಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ. ಕೆಳಗೆ ಕತ್ತಲಾಗುತ್ತಿದ್ದ ಊರುಗಳಿಗೆ ಇಲ್ಲದ ಬೆಳಕು ಇಲ್ಲಿ ಉಳಿದುಕೊಂಡಿತ್ತು. ಉದ್ದನೆಯ ರೆಕ್ಕೆ ಗಾಳಿಗೆ ಮೆಲ್ಲಗೆ ಬಾಗಿ ಏಳುತ್ತಿತ್ತು. ಇಷ್ಟು ದೊಡ್ಡ ಲೋಹ ಹೀಗೆ ಬಳುಕುತ್ತದೆಂದು ಯಾರಾದರೂ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ಗಗನಸಖಿ ಬಂದು ಗುಂಡಿ ಒತ್ತಿ ಸೀಟನ್ನು ಹಿಂದಕ್ಕೆ ಒರಗಿಸಿಕೊಟ್ಟಳು. ಒರಗುವಾಗ ಸೊಂಟದ ಬಳಿಯ ಮಡಿಕೆಯೊಂದು ಬಿಚ್ಚಿಕೊಂಡಿತು, ನೆಟ್ಟಗಾದಾಗ ಮುಚ್ಚಿಕೊಂಡಿತು. ಸೀಟಮ್ಮ ಮತ್ತೆ ಒರಗಿಸಿದರು, ಮತ್ತೆ ನೆಟ್ಟಗೆ ಮಾಡಿದರು. ಅಳತೆಯ ಕಾಗದದಲ್ಲಿ ಇದ್ದುದರಿಂದ ಇಟ್ಟು ಹೊಲಿಯುತ್ತಿದ್ದ ಮಡಿಕೆ ಅದು. ಅಂದಕ್ಕೆಂದು ತಿಳಿದಿದ್ದರು. ಅದು ಸೀಟಿಗೆ ಉಸಿರಾಡಲು ಬಿಟ್ಟ ಜಾಗ.

"ಏನಾದ್ರೂ ತೊಂದರೆ ಇದೆಯಾ ಅಮ್ಮ?" ಎಂದು ಡಾಕ್ಟರು ಕೇಳಿದರು.

"ಇಲ್ಲಪ್ಪ. ನನ್ನ ಕೆಲಸ ಈಗ ಅರ್ಥ ಆಗ್ತಾ ಇದೆ."

ಹಾಗೆ ಮಾತಿಗೆ ಮಾತು ಬಂದು, ಪುಣ್ಯಾತ್ಮರು ಯಾರೆಂದು ಡಾಕ್ಟರಿಗೆ ತಿಳಿಯಿತು. ಅವರು ಕೂತಲ್ಲೇ ಸ್ವಲ್ಪ ಸರಿದು, ಹಿರಿಯರ ಮುಂದೆ ಕಾಲುಮೇಲೆ ಕಾಲು ಹಾಕಿ ಕೂತವರಂತೆ ಕಾಲಿಳಿಸಿದರು. ಸೀಟಮ್ಮ ನಕ್ಕು, ಎದ್ದು ಅವರಿಗೆ ಕಿಟಕಿ ಬಿಟ್ಟುಕೊಟ್ಟರು. "ಅರ್ಧ ದಾರಿ ನಿಮಗೆ. ಇಷ್ಟು ದೂರದಿಂದ ಬಂದಿದೀರಿ." ಡಾಕ್ಟರು ಗಾಜಿಗೆ ಹಣೆ ಹಚ್ಚಿದವರು ಬಹಳ ಹೊತ್ತು ಬರೆಯುವುದನ್ನೇ ಮರೆತರು. ಮುಂದಿನ ಸಾಲಿನಲ್ಲಿ ಓದುತ್ತಿದ್ದಾಕೆಗೆ ನಿದ್ದೆ ಹತ್ತಿತ್ತು. ಅವರ ಕೆನ್ನೆ ಕವರಿನ ಅಂಚುಹೊಲಿಗೆಯ ಮೇಲೆಯೇ ಒರಗಿತ್ತು. ಆ ಹೊಲಿಗೆಯನ್ನು ಒಳಕ್ಕೆ ತಿರುಗಿಸದಿದ್ದರೆ ಕೆನ್ನೆಗೆ ಗೆರೆ ಬೀಳುತ್ತಿತ್ತು. ಸೀಟಮ್ಮ ಆ ನಿದ್ದೆಯನ್ನು ನೋಡುತ್ತ ಕುಳಿತರು. ತಾವು ಹೊಲಿದುದರ ಮೇಲೆ ಎಷ್ಟು ಜನ ಹೀಗೆ ಮೋಡದ ಮೇಲೆ ಮಲಗಿ ಎದ್ದು ಹೋಗಿರಬಹುದು ಎಂಬ ಯೋಚನೆ ಬಂತು.

ಮರುದಿನ ಹೊಸ ವಿಮಾನದಲ್ಲಿ ಮರಳಿದರು. ಅದರ ನೆನಪೇ ಇಲ್ಲವಂತೆ. ಯಜಮಾನರು ಬಸ್ ನಿಲ್ದಾಣದಲ್ಲಿ ಕಾದಿದ್ದರು. ಎಲ್ಲ ಕೇಳಿ, "ಡ್ರೈವರು ಹೇಗಿದ್ದ?" ಎಂದಷ್ಟೇ ಕೇಳಿದರು.

ಕೆಲಸದ ಹಾಳೆಗೆ ಕೆಂಪು ಗೆರೆ ಬಿದ್ದೇಬಿದ್ದಿತು. ಕಚೇರಿಯವರು ಕರೆಸಿ ವಿಚಾರಿಸಿದಾಗ ಸೀಟಮ್ಮ ಚಹದ ಮೇಲಾಗಲಿ ಕಣ್ಣೀರಿನ ಮೇಲಾಗಲಿ ತಪ್ಪು ಹಾಕಲಿಲ್ಲ. "ನನ್ನ ಸಹಿ ನೋಡಿ ಯಾರೂ ಒಳಗೆ ನೋಡಲಿಲ್ಲ. ನಾನೂ ನೋಡಲಿಲ್ಲ" ಎಂದರು. ಆ ಮಾತಿನ ಮೇಲೆ ಕಾರ್ಯಾಗಾರದಲ್ಲಿ ಒಂದು ಕಟ್ಟಳೆ ಬಂತು: ಮೆತ್ತೆಯ ಬಾಯಿ ಮುಚ್ಚುವ ಮೊದಲು ಹೊಲಿಯದ ಇನ್ನೊಬ್ಬರು ಕೈ ಹಾಕಿ ನೋಡಿ ಸಹಿ ಮಾಡಬೇಕು. ಅದನ್ನು ಕಲಿಸಲು ಯಾರನ್ನು ಕರೆಯುವುದೆಂದು ಕಚೇರಿಯವರು ಬಹಳ ಯೋಚಿಸಬೇಕಾಗಲಿಲ್ಲ.

ಈಗ ಅಜ್ಜಿ ಹಾರುವುದಿಲ್ಲ. ಸೀಟಮ್ಮ ವಾರಕ್ಕೆರಡು ದಿನ ಬೆಳಿಗ್ಗೆ ಕಾರ್ಯಾಗಾರಕ್ಕೆ ಹೋಗುತ್ತಾರೆ. ಹೊಸದಾಗಿ ಸೇರಿದ ಇಬ್ಬರು ಹೆಂಗಸರಿಗೆ ಮೊದಲು ತೋರಿಸುವುದು ಹೊಲಿಗೆಯನ್ನಲ್ಲ. ಕಪಾಟಿನಿಂದ ತಮ್ಮ ಕೆಂಪು ಗೆರೆಯ ಹಾಳೆಯನ್ನೇ ತೆಗೆದು ಮೇಜಿನ ಮೇಲೆ ಹರಡುತ್ತಾರೆ. ಮೊನ್ನೆ ಅವರಲ್ಲೊಬ್ಬರು ಸಂಕೋಚಪಟ್ಟು, "ನೀವು ಹೊಲಿದಿದ್ದನ್ನ ನಾವೇನು ನೋಡೋದು ಅಕ್ಕ" ಎಂದರಂತೆ. ಸೀಟಮ್ಮ ತಾವು ಹಿಡಿದಿದ್ದ ಮೆತ್ತೆಯ ಬಾಯನ್ನು ಅಗಲಿಸಿ ಅವರ ಮುಂದೆ ಚಾಚಿದರು.

"ನೋಡಬೇಡ, ಕೈ ಹಾಕು. ಮೊಣಕೈವರೆಗೂ ಹಾಕಮ್ಮ."